ಓಲೀಟಾಳ ಗಂಟುಮುಖ

ಟೆಕ್ಸಾಸ್‌ನ ಆ ಪುಟ್ಟ ಊರಲ್ಲಿ ಕೋರ್ಟಿನ ಜ್ಯೂರಿಗೆ, ಅಂದರೆ ತೀರ್ಪು ಕೊಡುವ ಹನ್ನೆರಡು ಊರವರ ಸಾಲಿಗೆ, ಕೂರುವುದೆಂದರೆ ಎಲ್ಲರಿಗೂ ಹಲ್ಲು ಕೀಳಿಸಿಕೊಂಡ ಹಾಗೆ. ಓಲೀಟಾ ಮುದುಕಿಗೆ ಮಾತ್ರ ಅದೇ ಸ್ವರ್ಗ. ಸಾಯುವುದರೊಳಗೆ ಒಂದೇ ಒಂದು ಸಲ ಆ ಹನ್ನೆರಡು ಕುರ್ಚಿಗಳಲ್ಲೊಂದರಲ್ಲಿ ಕೂರಬೇಕು! ಕೋರ್ಟಿನಿಂದ ಕರೆ ಬಂದಾಗಲೆಲ್ಲ ತುಟಿಗೆ ಬಣ್ಣ ಬಳಿದು, ಕುರ್ಚಿಗೆ ಹಾಕಲು ಕಂಕುಳಲ್ಲಿ ದಿಂಬು ಇಟ್ಟುಕೊಂಡು, ಬಾಯಿ ತುಂಬ ನಗುತ್ತ ಹೋಗುತ್ತಿದ್ದಳು. ಇಷ್ಟು ಆಸೆಪಟ್ಟು ಬಂದವಳ ಹೊಟ್ಟೆಯಲ್ಲಿ ಏನೋ ಇದೆ ಎಂದು, ಜ್ಯೂರಿಗೆ ಯಾರು ಬೇಕು ಯಾರು ಬೇಡ ಎಂದು ಆರಿಸುವ ಎರಡೂ ಕಡೆಯ ವಕೀಲರಿಗೆ ದಿಗಿಲು. "ನೀವು ಹೊರಡಿ ತಾಯಿ" ಅಂದುಬಿಡುತ್ತಿದ್ದರು.

ಎದುರುಮನೆಯ ನೋವಲೀನ್ ಮಾತ್ರ ಮಂಡಿನೋವು, ಬಿಟ್ಟುಬಿಡಿ ಎಂದು ಗೋಳಾಡಿ, ಗೋಳಾಡಿದ್ದಕ್ಕೇ ಆಯ್ಕೆಯಾಗಿ, ಅಂದಿನಿಂದ ಬೀಗುತ್ತಿದ್ದಳು.

"ನಿನ್ ಹಲ್ಲು ನೋಡಿದ್ರೇ ಹೆದ್ರುತ್ತಾರೆ ಕಣೇ! ಒಂದ್ಸಲ ಮುಚ್ಕೊಂಡ್ ಹೋಗ್ ನೋಡು."

ಈ ಸಲ ಜೂಬಲ್ ಎಂಬ ಕಳ್ಳನ ಕೇಸು. ಚರ್ಚಿನ ಔತಣಕ್ಕೆ ಮಾಂಸ ಬೇಯುತ್ತಿದ್ದ ಒಲೆಗಾಡಿಯನ್ನೇ ಟ್ರಕ್ಕಿಗೆ ಕಟ್ಟಿಕೊಂಡು ಓಡಿದನಂತೆ. ವಾಸನೆಯ ಹಿಂದೆ ನಾಯಿಗಳು, ನಾಯಿಗಳ ಹಿಂದೆ ಪಾದ್ರಿ, ಪಾದ್ರಿಯ ಹಿಂದೆ ಶೆರಿಫ್!

ಓಲೀಟಾ ಬಣ್ಣ, ದಿಂಬು ಎರಡನ್ನೂ ಮನೆಯಲ್ಲೇ ಬಿಟ್ಟಳು. ಆದರೆ ನಗು? ಅದು ಹೇಳಿದ ಮಾತು ಕೇಳುವುದೇ? ಅದಕ್ಕೇ ಒಂದಳತೆ ಚಿಕ್ಕ ಬೂಟಿಗೆ ಕಾಲು ತುರುಕಿದಳು. ಮುಖ ತಾನೇ ತಾನಾಗಿ ಹುಣಸೆಹಣ್ಣು ಕಚ್ಚಿದ ಹಾಗಾಯಿತು.

"ನ್ಯಾಯವಾಗಿ ತೀರ್ಪು ಕೊಡ್ತೀರಾ ತಾಯಿ?" ಕೋರ್ಟಿನಲ್ಲಿ ಸರ್ಕಾರಿ ವಕೀಲ ಕೇಳಿದ.

"ಕೊಡ್ದೆ ಇನ್ನೇನ್ ಮಾಡ್ಲಿ? ಬೇಗ ಮುಗ್ಸಪ್ಪ, ಮನೇಲಿ ಕೋಳಿ ಕಾಯ್ತಿವೆ!"

ಜೂಬಲ್‌ನ ವಕೀಲ ಜ್ಯೂರಿ ಆರಿಸಲೆಂದೇ ಡಲ್ಲಾಸ್ ನಗರದಿಂದ ಮುಖ ನೋಡಿ ಮನಸ್ಸು ಓದುವವಳನ್ನು ಕರೆಸಿದ್ದ. ಅವಳ ಪಿಸುಮಾತು ಓಲೀಟಾಳ ಚುರುಕು ಕಿವಿಗೆ ಬಿತ್ತು. "ಇರ್ಲಿ ಇವ್ರು. ಬರೋಕೇ ಇಷ್ಟ ಇಲ್ದೋರಿಗೆ ಯಾರ್ ಮೇಲೂ ಹಗೆ ಇರಲ್ಲ."

ಸರ್ಕಾರಿ ವಕೀಲನೂ ಗೊಣಗಿಕೊಂಡ. "ಈ ಮುಖದೋಳು ಹೆತ್ತ ಮಗನ್ನೂ ಜೈಲಿಗೆ ಕಳಿಸ್ತಾಳೆ. ಇರ್ಲಿ."

ಪ್ರಮಾಣವಚನ ಆಗಿಯೇ ಹೋಯಿತು! ಓಲೀಟಾಳ ಎದೆಯೊಳಗೆ ಬ್ಯಾಂಡು ಬಾರಿಸಿತು. ನಗು ಉಕ್ಕಿ ಬರುವಷ್ಟರಲ್ಲಿ ಬೂಟು ಕಚ್ಚಿತು. ಕಣ್ಣು ಕೆಂಪಾಗಿ, ಹಲ್ಲು ಕಟಕಟ ಕಡಿಯುತ್ತ ನೇರ ಜೂಬಲ್‌ನನ್ನೇ ನೋಡಿದಳು.

ಜೂಬಲ್ ಮೇಜಿನಡಿ ಅಡಗಲು ನೋಡಿದ. "ಅಯ್ಯೋ ಸಾರ್, ಆ ಅಜ್ಜಿ ನನ್ನ ಹಸೀದೇ ತಿಂತಾಳೆ! ಒಪ್ಕೋತೀನಿ, ನಾನೇ ಕದ್ದೆ! ಮಾಂಸ ಚೆನ್ನಾಗೂ ಇತ್ತು!"

ನ್ಯಾಯಾಧೀಶರು ತಪ್ಪೊಪ್ಪಿಗೆ ಬರೆಸಿಕೊಂಡು, ಇನ್ನು ವಿಚಾರಣೆಯೇ ಬೇಡವೆಂದು ಜ್ಯೂರಿಗೆ ಕೈಮುಗಿದು ಕಳಿಸಿದರು. ಓಲೀಟಾಳಿಗೆ ಅಳುವೇ ಬಂತು. ಕುರ್ಚಿ ಇನ್ನೂ ಬೆಚ್ಚಗೂ ಆಗಿರಲಿಲ್ಲ. ಮೆಟ್ಟಿಲಿಳಿಯುವಾಗ ಏನೋ ಹೊಳೆದು, ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನೋವಲೀನ್ ಮನೆಗೇ ಓಡಿದಳು.

"ಏನೇ, ನಿಂಗೆ ತೀರ್ಪು ಕೊಡೋಕೆ ಎಷ್ಟ್ ಹೊತ್ತು ಹಿಡೀತು?"

"ಮೂರು ದಿನ. ಯಾಕೆ?"

"ನಂಗೆ ಬೂಟ್ ಬಿಚ್ಚೋಷ್ಟ್ ಹೊತ್ತೂ ಬೇಕಾಗ್ಲಿಲ್ಲ ಕಣೇ!" ಅಂದಳು ಓಲೀಟಾ, ಇದ್ದಬದ್ದ ಹಲ್ಲನ್ನೆಲ್ಲ ತೋರಿಸುತ್ತ.