ಪಾದ ತೊಳೆಯುವ ಭಾನುವಾರ

ಆ ಹೆಬ್ಬೆರಳಿನ ಉಗುರು, ಅಯ್ಯೋ ದೇವರೇ, ಹಳದಿಗಟ್ಟಿ, ದಪ್ಪಗಾಗಿ, ಮೇಕೆ ಗೊರಸಿನ ಹಾಗೆ ಸೊಟ್ಟಗೆ ತಿರುಗಿಕೊಂಡಿದೆ, ಸಂದಿಯಲ್ಲಿ ಕಾಲುಚೀಲದ ಕಂದು ನೂಲು ಸಿಕ್ಕಿಕೊಂಡಿದೆ, ಇದನ್ನು ನಾನು ಮುಟ್ಟಬೇಕು, ಮುಟ್ಟಿ ತೊಳೆಯಬೇಕು, ಸೊಂಟಕ್ಕೆ ಕಟ್ಟಿಕೊಂಡ ಈ ಬಿಳಿ ಟವೆಲಿನಿಂದ ಬೆರಳು ಬೆರಳಿನ ನಡುವೆ ಒರೆಸಬೇಕು — ಥೂ, ಬೆಳಿಗ್ಗೆ ತಿಂದ ಮೊಟ್ಟೆ ಗಂಟಲಿಗೆ ಬರುತ್ತಿದೆ — ಓಜೆಲ್ಲಾ ಚಿಕ್ಕಮ್ಮನ ಕಾಲು, ಎಂಬತ್ತೇಳು ವರ್ಷದ ಕಾಲು, ಚಿಕ್ಕಮ್ಮ ಅಂದರೆ ರಕ್ತಸಂಬಂಧ ಏನಿಲ್ಲ, ಅಮ್ಮನ ಜೀವದ ಗೆಳತಿ ಆಗಿದ್ದವಳು, ಆಗಿದ್ದವಳು, ಆ ಮಾತೇ ಸಾಕು. ವರ್ಷಕ್ಕೊಂದು ಸಲ ಈ ಭಾನುವಾರ, ಬಲಗಡೆ ಬೆಂಚುಗಳಲ್ಲಿ ಗಂಡಸರು ಗಂಡಸರ ಕಾಲು, ಎಡಗಡೆ ಹೆಂಗಸರು ಹೆಂಗಸರ ಕಾಲು, ಯೇಸು ಶಿಷ್ಯರ ಕಾಲು ತೊಳೆದ ಹಾಗೆ, ಯಾರ ಮೇಲೆ ಮನಸ್ಸು ಮುರಿದಿದೆಯೋ ಅವರ ಕಾಲನ್ನೇ ಮೊದಲು ತೊಳೀಬೇಕು ಅಂತ ಹಳಬರ ಪದ್ಧತಿ, ಹಾಗೆ ನೋಡಿದರೆ ಈ ಚರ್ಚಿನಲ್ಲಿ ನಾನು ನಲವತ್ತು ಜೊತೆ ಕಾಲು ತೊಳೆಯಬೇಕು. ಈಗಿನ ಪಾಸ್ಟರ ಹೆಂಡತಿ, ಹೊಸ ಹುಡುಗಿ, ಏನೂ ಗೊತ್ತಿಲ್ಲ ಪಾಪ, ಬೋಗುಣಿ ಕೈಗಿಟ್ಟು, ಡೆಲ್ಫಿ ಆಂಟಿ, ನೀವು ಓಜೆಲ್ಲಾ ಅಜ್ಜಿಗೆ ಮಾಡಿ, ನೀವು ಅವರಿಗೆ ಮಗಳ ಹಾಗೇ ಅಲ್ವಾ ಅಂದಳು, ಮಗಳಂತೆ, ನನ್ನನ್ನು ಹೆತ್ತವಳು ಹೊರಗೆ ಓಕ್ ಮರದ ಕೆಳಗೆ ಕಾರಿನಲ್ಲಿ ಕೂತಿದ್ದಾಳೆ ಕಣಮ್ಮ, ಗಾಜು ಇಳಿಸಿಕೊಂಡು, ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು, ಐವತ್ತು ವರ್ಷದಿಂದ ಪ್ರತಿ ಭಾನುವಾರ ಅಲ್ಲೇ ಕೂರುತ್ತಾಳೆ, ಒಳಗಿನ ಹಾಡು ಕೇಳಿಕೊಂಡು. ಹದಿನೆಂಟಕ್ಕೆ ಊರು ಬಿಟ್ಟವಳು ನಾನು, ಅವಳ ಶ್ವಾಸಕೋಶ ಕೆಟ್ಟಿತು ಅಂತ ಹೋದ ಮಾರ್ಚಿನಲ್ಲಿ ವಾಪಸು ಬಂದೆ, ಕ್ರಿಸ್‌ಮಸ್ ಕಾಣೋದು ಕಷ್ಟ ಅಂತ ಡಾಕ್ಟರು ಹೇಳಿಯಾಗಿದೆ, ನನಗೆ ಬೇಕಾಗಿರುವುದು ಒಂದೇ, ಈ ಮುದುಕಿ ಎದ್ದು, ನನ್ನ ತೋಳು ಹಿಡಿದು ಮರದ ತನಕ ನಡೆದು, ಕಾರಿನ ಕಿಟಕಿಗೆ ಬಗ್ಗಿ, ಲೂರೀನ್, ತಪ್ಪಾಯ್ತು ಕಣೇ ಅನ್ನಬೇಕು, ಅಷ್ಟೇ, ಅಮ್ಮ ಅದನ್ನು ಕೇಳಿ ಸಾಯಬೇಕು. ಅದಕ್ಕೋಸ್ಕರ ಈ ಗೊರಸು ತೊಳೆಯುತ್ತೇನೆ, ಬೇಕಾದರೆ ತೊಳೆದ ನೀರೂ ಕುಡಿಯುತ್ತೇನೆ.

ಕಾಲು ನೀರಿಗಿಟ್ಟಳು, ಪೌಡರು ಬೆರೆತ ಬೆವರಿನ ವಾಸನೆ ಎದ್ದು ಬಂತು, ಅಯ್ಯಪ್ಪಾ, ಹಳ್ಳಕ್ಕೂ ಹೀಗೇ ಒಂದು ವಾಸನೆ ಇತ್ತು, ಕೆಸರು, ಪಾಚಿ, ಮೇಲ್ಗಡೆ ಚರ್ಚಿನ ಹಿರಿಯ, ಡೀಕನ್ ಹೋಬರ್ಟನ ಹಸುಗಳು ನೀರಲ್ಲಿ ನಿಂತು ಮಾಡಬಾರದ್ದೆಲ್ಲ ಮಾಡುತ್ತಿದ್ದವು, ಕೆಳಗಡೆ ನನಗೆ ದೀಕ್ಷಾಸ್ನಾನ, ಆಗ ನನಗೆ ಒಂಬತ್ತು ವರ್ಷ, ಪಾಸ್ಟರ್ ಆರ್ವಿಲ್ ಸೊಂಟದ ಮಟ್ಟ ನೀರಿನಲ್ಲಿ, ಬಿಳಿ ಶರಟು, ಕಪ್ಪು ಟೈ, ತೇಲಿ ಬಂದ ಸಗಣಿಯನ್ನು ಅಂಗೈಯಿಂದ ಆಚೆ ನೂಕಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಅಂತ ನನ್ನ ಮೂಗು ಹಿಡಿದು, ಬಾಯಿ ಮುಚ್ಚೇ ಹುಡುಗಿ ಅಂತ ಪಿಸುಗುಟ್ಟಿ, ಹಿಂದಕ್ಕೆ ಮುಳುಗಿಸಿದರು, ನಾನು ಮುಚ್ಚಲಿಲ್ಲ, ಒಂದು ಬಾಯಿ ತುಂಬ ಕುಡಿದೆ, ನೆನೆದರೆ ಈಗಲೂ ನಾಲಿಗೆ ಕೆರೆದುಕೊಳ್ಳಬೇಕು ಅನ್ನಿಸುತ್ತದೆ, ನಗುವೂ ಬರುತ್ತದೆ, ಏನೇ ಹೇಳು ಅದಕ್ಕಿಂತ ಒಳ್ಳೇ ದಿನ ನನ್ನ ಬದುಕಿನಲ್ಲಿ ಬರಲಿಲ್ಲ. ದಡದ ಮೇಲೆ ಅಷ್ಟೂ ಜನ ಹಾಡುತ್ತಿದ್ದಾರೆ, ಅಪ್ಪನ ದಪ್ಪ ದನಿ ತಳದಲ್ಲಿ, ಅಮ್ಮನದು ಮೇಲೆ, ಓಜೆಲ್ಲಾ ಚಿಕ್ಕಮ್ಮ ಒಳ್ಳೇ ಉಡುಪು ಒದ್ದೆಯಾದರೂ ಲೆಕ್ಕಿಸದೆ ನನ್ನನ್ನು ಬಾಚಿ ತಬ್ಬಿಕೊಂಡಳು, ಅವಳ ತುಟಿಯೊಳಗಿನ ಹೊಗೆಸೊಪ್ಪಿನ ಪುಡಿಯ ಕಂದು ರಸ ನನ್ನ ಕೂದಲಿಗೆ ಇಳಿಯಿತು, ನನ್ನ ಬಂಗಾರೀ, ನನ್ನ ಬಂಗಾರೀ ಅನ್ನುತ್ತಿದ್ದಳು. ಆಮೇಲೆ ಎಲ್ಲರೂ ಸಾಲಾಗಿ ಬಂದು ಕೈ ಕುಲುಕಿದರು, ದೊಡ್ಡವರ ಕೈ ಕುಲುಕುವ ಹಾಗೆ, ಹೋಬರ್ಟ್ ಬಗ್ಗಿ, ನೋಡಮ್ಮಾ ಡೆಲ್ಫಿ, ಇವತ್ತಿನಿಂದ ನೀನೂ ಈ ಸಭೆಯವಳು, ನನ್ನ ವೋಟಿಗೆ ಎಷ್ಟು ಬೆಲೆಯೋ ನಿನ್ನ ವೋಟಿಗೂ ಅಷ್ಟೇ, ನಮ್ಮಲ್ಲಿ ಪೋಪೂ ಇಲ್ಲ ಬಿಷಪ್ಪೂ ಇಲ್ಲ, ಕೈ ಎತ್ತಿದರೆ ಆಯ್ತು ಅಂದ. ಅಷ್ಟು ಸಾಕಾಯಿತು ನನಗೆ, ನೆಲದ ಮೇಲೆ ಕಾಲೇ ನಿಲ್ಲಲಿಲ್ಲ, ಛಾವಣಿಗೆ ತಗಡು ಹಾಕಿಸೋಣವಾ ಅಂದರೆ ಕೈ ಎತ್ತಿದೆ, ಪಿಯಾನೋ ಬೇಡ ಅಂದರೆ ಕೈ ಎತ್ತಿದೆ, ಎಲ್ಲರಿಗಿಂತ ಮೇಲೆ, ಬೆರಳು ನೆಟ್ಟಗೆ ಮಾಡಿ, ಏಯ್ ಡೆಲ್ಫಿ, ಹೊಸ ತಗಡು ತೂತಾದೀತು ಕಣೇ ಅಂತ ಗಂಡಸರು ನಗುತ್ತಿದ್ದರು, ಅಮ್ಮನೂ ನಗುತ್ತಿದ್ದಳು.

ಇನ್ನೊಂದು ಕಾಲು ಕೊಡಿ ಚಿಕ್ಕಮ್ಮ, ಇದು ಇನ್ನೂ ಹೊಲಸು, ಹಿಮ್ಮಡಿ ಬಿರುಕಿನಲ್ಲಿ ಕಪ್ಪಗೆ ಕೂತಿದೆ, ಸತ್ತ ಚರ್ಮ ಬಿಳಿ ಬಿಳಿ ಎದ್ದು ನೀರಿನ ಮೇಲೆ ತೇಲುತ್ತಿದೆ, ಕುಣಿಯೋದು ನಮ್ಮ ಸಭೆಗೆ ಪಾಪ, ಈ ಕಾಲು ಯಾವತ್ತೂ ಕುಣಿದಿಲ್ಲ ನೋಡು, ಅದಕ್ಕೇ ಪವಿತ್ರ, ಕುಣಿದದ್ದು ನನ್ನ ಅಮ್ಮ. ಅಪ್ಪ ಮರದ ಮಿಲ್ಲಿನಲ್ಲಿ ಸತ್ತು ಹದಿನಾಲ್ಕು ತಿಂಗಳಾಗಿತ್ತು, ನನಗೆ ಹನ್ನೊಂದು, ಪೇಟೆಯಲ್ಲಿ ಯಾವುದೋ ನೆಂಟರ ಮದುವೆಗೆ ಹೋದ ಅಮ್ಮ ರೇಡಿಯೋ ರಿಪೇರಿ ಮಾಡುವವನೊಬ್ಬನ ಜೊತೆ ಮೂರು ಹಾಡಿಗೆ ಕುಣಿದಳು, ಮೂರೇ ಮೂರು, ಅದು ಹೇಗೋ ಹೋಬರ್ಟನ ಕಿವಿಗೆ ಬಿತ್ತು, ತಿಂಗಳ ಶನಿವಾರದ ಸಭೆಯಲ್ಲಿ ಎದ್ದು ನಿಂತ, ಲೂರೀನಕ್ಕ, ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಿ, ಸಭೆ ಕ್ಷಮಿಸುತ್ತೆ, ಅಲ್ಲಿಗೆ ಮುಗೀತು ಅಂದ. ಅಮ್ಮ ಎದ್ದಳು, ಕುಣಿದದ್ದು ನಿಜ, ಖುಷಿಯಾಯ್ತು, ಖುಷಿಯಾದದ್ದಕ್ಕೆ ತಪ್ಪಾಯ್ತು ಅಂದರೆ ಸುಳ್ಳಾಗುತ್ತೆ, ಚರ್ಚಿನಲ್ಲಿ ನಿಂತು ಸುಳ್ಳು ಹೇಳಲಾ ಹೋಬರ್ಟಣ್ಣ ಅಂದು ನನ್ನ ಪಕ್ಕ ಕೂತಳು. ಫ್ಯಾನಿಲ್ಲ, ರಟ್ಟಿನ ಬೀಸಣಿಗೆಗಳು ಗಕ್ಕನೆ ನಿಂತವು, ಪಾಸ್ಟರ್ ಆರ್ವಿಲ್ ಗಂಟಲು ಸರಿಮಾಡಿಕೊಂಡು, ಸಹೋದರಿ ಲೂರೀನಳನ್ನು ಸಭೆಯಿಂದ ಹೊರಗಿಡಲು ಒಪ್ಪಿಗೆಯಿರುವವರು ಕೈ ಎತ್ತಿ ಅಂದರು. ಎತ್ತಿದೆ, ನಾನೂ ಎತ್ತಿದೆ. ಹನ್ನೊಂದರ ಮಗುವಿಗೆ ಏನು ತಿಳಿಯುತ್ತೆ, ಕೈ ಎತ್ತಿ ಅಂದರೆ ಎತ್ತೋದು ಅಷ್ಟೇ ಗೊತ್ತು ಅಂತ ನನಗೆ ನಾನೇ ಸಾವಿರ ಸಲ ಹೇಳಿಕೊಂಡಿದ್ದೇನೆ, ಛೀ, ಸುಳ್ಳು, ತಿಳಿದಿತ್ತು, ಹೋಬರ್ಟನ ಮಗಳು ಶಾಲೆಯಲ್ಲಿ ನನ್ನ ಮುಂದೆ ಸೊಂಟ ತಿರುಗಿಸಿ ತೋರಿಸಿದ್ದಳು, ನನಗೆ ಅಮ್ಮನ ಮೇಲೆ ನಾಚಿಕೆಯಾಗಿತ್ತು. ಆದರೆ ಓಜೆಲ್ಲಾ, ಮೂವತ್ತೇಳು ವರ್ಷದ ಹೆಂಗಸು, ಅಪ್ಪ ಸತ್ತಾಗ ನಮ್ಮ ಮನೆಯಲ್ಲೇ ಇದ್ದು ವಾರ ಪೂರ್ತಿ ಅಡುಗೆ ಮಾಡಿ ಹಾಕಿದವಳು, ಅಮ್ಮನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವಳು, ಅವಳ ದಪ್ಪ ಬಿಳಿ ತೋಳೂ ಮೇಲೆದ್ದದ್ದನ್ನು ಈ ಕಣ್ಣಿಂದ ನೋಡಿದ್ದೇನೆ. ಮಗು ಮಾಡಿದ್ದನ್ನು ಬಿಟ್ಟುಬಿಡಬಹುದು, ಅವಳದ್ದನ್ನು ಬಿಡೋದು ಹೇಗೆ, ಐವತ್ತು ವರ್ಷ ಆ ತೋಳನ್ನು ಶಪಿಸಿದ್ದೇನೆ, ಅದರಿಂದಲೇ ನನಗೆ ನಿದ್ದೆ ಬಂದದ್ದು.

ಮತ್ತೆ ಅವರ ಮಾನಗೇಡಿತನ ಕೇಳು, ಬೇಸಿಗೆಯ ದೊಡ್ಡ ಊಟ, ಚರ್ಚಿನ ಹಿಂದೆ ಮರದಿಂದ ಮರಕ್ಕೆ ಹಲಗೆ ಹಾಕಿದ ಮೇಜು, ಹುರಿದ ಕೋಳಿ, ಕರಿದ ಬೆಂಡೆಕಾಯಿ, ಸಕ್ಕರೆ ಸುರಿದ ತಣ್ಣನೆ ಚಹಾ, ನೊಣ ಓಡಿಸೋದು ಮಕ್ಕಳ ಕೆಲಸ, ಆ ಮೇಜಿನ ಕೆಳಗೆ ನುಸುಳಿ ಕೇಕು ಕದ್ದು ತಿಂದ ರುಚಿ ಇನ್ನೆಲ್ಲೂ ಸಿಗಲಿಲ್ಲ ನನಗೆ, ಅದು ನಿಜ, ಸುಳ್ಳು ಯಾಕೆ ಹೇಳಲಿ. ಹೊರಗಿಟ್ಟ ಮೇಲೂ ಅಮ್ಮ ಬಾಳೆಹಣ್ಣಿನ ಪುಡ್ಡಿಂಗು ಮಾಡಿ, ಪಾತ್ರೆಯ ತಳಕ್ಕೆ ತನ್ನ ಹೆಸರಿನ ಚೀಟಿ ಅಂಟಿಸಿ, ತಗೊಂಡ್ಹೋಗು, ಹುಷಾರು, ಬೀಳಿಸಬೇಡ ಅಂತ ಕಾರಿನಿಂದಲೇ ನನ್ನ ಕೈಗೆ ಕೊಡುತ್ತಿದ್ದಳು, ಯಾರಾದರೂ ಮುಟ್ಟದೆ ಬಿಟ್ಟರಾ, ಇಲ್ಲಪ್ಪ, ಹೋಬರ್ಟ್ ಎರಡು ಸಲ ಹಾಕಿಸಿಕೊಂಡ, ಮೀಸೆಯಲ್ಲಿ ಹಳದಿ ಕೆನೆ, ಓಜೆಲ್ಲಾ ಚಮಚದ ಹಿಂಭಾಗ ನೆಕ್ಕಿ, ಲೂರೀನಳ ಕೈ ಅಂದ್ರೆ ಕೈ ಕಣೇ ಅಂದಳು. ಕೈ ಬೇಕು, ಮನುಷ್ಯಳು ಬೇಡ, ಥೂ ನಿಮ್ಮ ಜನ್ಮಕ್ಕೆ. ಖಾಲಿ ಪಾತ್ರೆ ತಂದು ಕೊಟ್ಟರೆ ಅಮ್ಮ, ಎಲ್ಲಾ ಖರ್ಚಾಯ್ತಾ ಅಂತ ಖುಷಿಪಡುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಬಂದು ಕೂರಬಹುದಿತ್ತು ಅವಳು, ಯಾರೂ ತಡೆಯುತ್ತಿರಲಿಲ್ಲ, ಬರಲಿಲ್ಲ, ಹಟಮಾರಿ, ಓಜೆಲ್ಲಾ ಬಂದು ಕರೆಯಲಿ ಅಂತ ಕಾಯುತ್ತಿದ್ದಾಳೆ ಅಂತ ನಾನು ತಿಳಿದಿದ್ದೆ.

ಟವೆಲಿನಿಂದ ಬೆರಳು ಒರೆಸುತ್ತಿದ್ದೇನೆ, ಒಂದು, ಎರಡು, ಈಗ ಕೇಳಿಬಿಡಬೇಕು. ಚಿಕ್ಕಮ್ಮ, ಅಮ್ಮ ಹೊರಗಿದ್ದಾಳೆ. ಗೊತ್ತು ಬಂಗಾರಿ, ಬರ್ತಾ ಕೈ ಬೀಸಿ ಬಂದೆ. ಕೈ ಬೀಸಿದ್ರೆ ಸಾಕಾ, ಇದು ಮುಗಿದ ಮೇಲೆ ನನ್ನ ಜೊತೆ ಕಾರಿನ ಹತ್ರ ಬನ್ನಿ, ತಪ್ಪಾಯ್ತು ಅಂತ ಒಂದು ಮಾತು ಹೇಳಿ, ಇನ್ನು ಜಾಸ್ತಿ ದಿನ ಇರಲ್ಲ ಅವಳು. ಹೊಗೆಸೊಪ್ಪಿನ ರಸವನ್ನು ಡಬ್ಬಿಗೆ ಉಗುಳಿ ನನ್ನನ್ನೇ ನೋಡುತ್ತಾಳೆ, ಆ ಮಾತು ಹೇಳಿದ್ದಾಯ್ತಲ್ಲೇ ಡೆಲ್ಫಿ, ಆ ವರ್ಷವೇ, ನಿಮ್ಮ ಅಡುಗೆಮನೇಲಿ, ನೀನು ಶಾಲೆಗೆ ಹೋಗಿದ್ದೆ, ಅತ್ತು ನಿನ್ನಮ್ಮನ ಕಾಲು ಹಿಡ್ಕೊಂಡೆ, ಏಳೇ ಓಜಿ, ಕಾಫಿ ಕುಡಿ ಅಂದಳು. ಏನು ಹೇಳುತ್ತಿದ್ದಾಳೆ ಇವಳು. ಅವತ್ತು ಸಭೇಲಿ ನಾನು ಎತ್ತಬಾರದು ಅಂತ ಎರಡೂ ಕೈನ ತೊಡೆ ಕೆಳಗೆ ಇಟ್ಕೊಂಡು ಕೂತಿದ್ದೆ ಕಣೇ, ಯಾರೂ ಎತ್ತಿರಲಿಲ್ಲ, ಹೋಬರ್ಟನೂ ಆ ಕಡೆ ಈ ಕಡೆ ನೋಡ್ತಿದ್ದ, ಮೊದಲನೇ ಕೈ ನಿಂದು, ಹೆತ್ತ ಮಗಳೇ ಎತ್ತಿದ ಮೇಲೆ ನಾವ್ಯಾರು ಅಂತ ಒಬ್ಬೊಬ್ಬರೇ ಎತ್ತಿದ್ವಿ, ಇದನ್ನ ಮಾತ್ರ ಡೆಲ್ಫಿಗೆ ಯಾವತ್ತೂ ಹೇಳಬೇಡ ಅಂತ ನಿನ್ನಮ್ಮ ನನ್ನ ಹತ್ರ ಮಾತು ತಗೊಂಡಳು, ಇವತ್ತಿನವರೆಗೂ ಹೇಳಲಿಲ್ಲ, ನೀನೇ ಬಾಯಿ ಬಿಡಿಸಿದೆ. ಮತ್ತೆ ಒಳಗೆ ಯಾಕೆ ಬರಲಿಲ್ಲ ಅವಳು. ನೀನು ಊರು ಬಿಟ್ಟ ಮೇಲೆ ಅದೇ ರೂಢಿಯಾಗೋಯ್ತು, ಮೊದಲು ನಾನು ಕರೆದಾಗ ನಿನ್ನಮ್ಮ, ಬಂದರೆ ವಾಪಸು ಸೇರಿಸ್ಕೋಬೇಕಾ ಬೇಡವಾ ಅಂತ ಮತ್ತೆ ವೋಟಿಗೆ ಹಾಕ್ತಾರೆ, ಆ ಮಗು ಮತ್ತೊಂದು ಸಲ ಕೈ ಎತ್ತೋ ಹಾಗಾಗೋದು ಬೇಡ, ನನಗೆ ಕಾರೇ ಸಾಕು ಅಂದಳು.

ಓಜೆಲ್ಲಾಳ ಕಾಲು ನನ್ನ ಮಡಿಲಲ್ಲಿದೆ, ಉಗುರು ಉಗುರಷ್ಟೇ, ಕಾಲು ಕಾಲಷ್ಟೇ, ಹೇಸಿಗೆಯಾಗುತ್ತಿರುವುದು ಅದನ್ನು ಹಿಡಿದಿರುವ ಕೈಯ ಮೇಲೆ, ಈ ಬಲಗೈ, ಮೊದಲನೇ ಕೈ, ಎಲ್ಲರಿಗಿಂತ ಮೇಲೆ, ಬೆರಳು ನೆಟ್ಟಗೆ — ಅವತ್ತು ಪಕ್ಕದಲ್ಲಿ ಅಮ್ಮ, ಹೋಬರ್ಟನನ್ನು ನೋಡಲಿಲ್ಲ ಅವಳು, ಓಜೆಲ್ಲಾಳನ್ನು ನೋಡಲಿಲ್ಲ, ನನ್ನ ಕಂಕುಳನ್ನು ನೋಡಿದಳು, ಉಡುಪಿನ ಹೊಲಿಗೆ ಬಿಟ್ಟಿತ್ತು ಅಲ್ಲಿ, ಒಳಗಿನ ಹಳೇ ಬನಿಯನ್ ಕಾಣುತ್ತಿತ್ತು, ಕೈ ಚಾಚಿದಳು, ಇಳಿಸಿಬಿಡುತ್ತಾಳೆ ಅಂತ ನಾನು ತೋಳು ಬಿಗಿ ಮಾಡಿದೆ, ಇಳಿಸಲಿಲ್ಲ, ಜನ ನೋಡುತ್ತಾರೆ ಅಂತ ಹರಿದ ಎರಡು ಅಂಚನ್ನೂ ಎರಡು ಬೆರಳಲ್ಲಿ ಕೂಡಿಸಿ ಹಿಡಿದುಕೊಂಡಳು, ಪಾಸ್ಟರ್ ಆರ್ವಿಲ್ ಎಣಿಸುತ್ತಿದ್ದಾರೆ, ಇಪ್ಪತ್ತೊಂಬತ್ತು, ಮೂವತ್ತು, ಅವಳು ಹಿಡಿದೇ ಇದ್ದಾಳೆ, ಮೂವತ್ತೊಂದು, ನನ್ನ ಕೈ ಮೇಲೆ, ಕಂಕುಳಲ್ಲಿ ಅಮ್ಮನ ಎರಡು ಬೆರಳು, ತಣ್ಣಗೆ, ಎರಡು ಬೆರಳು