ಎರಡನೇ ಮಹಡಿಯ ಸೊನ್ನೆ

ಏಸಿಯ ಗಾಳಿ ಬರುವ ಜಾಲರಿ ಬಿಳಿಯಿರಬೇಕೋ ಕೆನೆಬಣ್ಣದ್ದಿರಬೇಕೋ ಎಂಬುದು ಸಾಮಾನ್ಯ ಪ್ರಶ್ನೆಯಲ್ಲ. ಅದನ್ನು ಹಗುರವಾಗಿ ತೆಗೆದುಕೊಂಡ ಮನೆತನಗಳು ಮುಂದೆ ಏನಾದವು ಎಂಬುದಕ್ಕೆ ದಾಖಲೆ ಸಿಗುವುದಿಲ್ಲ. ಸಿಗದಿರುವುದೇ ಒಂದು ಎಚ್ಚರಿಕೆ ಎಂದು ಜವಳಿ ಕಟ್ಟಡದ ಯಜಮಾನರು ನಂಬಿದ್ದರು. ಆದ್ದರಿಂದ ಕಟ್ಟಡಕ್ಕೆಲ್ಲ ಏಸಿ ಹಾಕಿಸಲು ಹೊರಟಾಗ ಈ ವಿಷಯಕ್ಕೆಂದೇ ಏಳು ಸಭೆಗಳು ನಡೆದವು. ಮೊದಲ ಸಭೆಯಲ್ಲಿ ಬಿಳಿ ಗೆದ್ದಿತು. ಎರಡನೆಯದಕ್ಕೆ ಯಜಮಾನರ ಹೆಂಡತಿ ಬಂದು, "ಬಿಳಿ ಅಂದ್ರೆ ಆಸ್ಪತ್ರೆ ಥರ ಇರುತ್ತಪ್ಪ" ಎಂದದ್ದರಿಂದ ಕೆನೆ ಗೆದ್ದಿತು. ಮೂರನೆಯದರಲ್ಲಿ ಎರಡರ ಮಾದರಿಯನ್ನೂ ತರಿಸಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದರೆ ಎರಡೂ ಒಂದೇ ಥರ ಕಂಡವು. ಹಾಗಾಗಿ ಇನ್ನೂ ನಾಲ್ಕು ಸಭೆ ಬೇಕಾದವು.

ಈ ಏಳರಲ್ಲಿ ಎರಡನೇ ಮಹಡಿಯ ಮಾತು ಒಮ್ಮೆಯೂ ಬರಲಿಲ್ಲ.

ಕಟ್ಟಡದ ನೆಲಮಹಡಿಯಲ್ಲೂ ಮೊದಲ ಮಹಡಿಯಲ್ಲೂ ಜವಳಿ ಅಂಗಡಿ. ಮೂರನೆಯದರಲ್ಲಿ ಒಬ್ಬ ಕಣ್ಣಿನ ಡಾಕ್ಟರು, ಒಂದು ವಿಮಾ ಕಚೇರಿ. ನಾಲ್ಕನೆಯದರಲ್ಲಿ ಯಜಮಾನರ ಆಫೀಸು. ನಡುವಿನ ಎರಡನೇ ಮಹಡಿ ಗೋದಾಮು. ಗೋದಾಮು ಎಂದರೆ ಗೋದಾಮೇನಲ್ಲ. ಕಟ್ಟಡ ಕಟ್ಟಿದ ಹೊಸತರಲ್ಲಿ ಅಲ್ಲಿ ಬಟ್ಟೆಯ ಥಾನುಗಳನ್ನು ಪೇರಿಸಿಟ್ಟಿದ್ದು ನಿಜ. ಆಮೇಲೆ ಥಾನುಗಳು ಹೋಗಿ ಹೊಲಿಗೆ ಯಂತ್ರಗಳು ಬಂದು ಹದಿನೈದು ವರ್ಷವಾಗಿತ್ತು. ಈಗ ಅಲ್ಲಿ ಇಪ್ಪತ್ತೆರಡು ಹೆಂಗಸರು ಕೂತು ಶಾಲೆಗಳ ಸಮವಸ್ತ್ರ, ನರ್ಸುಗಳ ಕೋಟು, ಕಾವಲುಗಾರರ ಅಂಗಿ ಹೊಲಿಯುತ್ತಿದ್ದರು. ಗೋಡೆಯುದ್ದಕ್ಕೂ ಆರು ಸ್ಟೀಮ್ ಇಸ್ತ್ರಿಗಳು ಬುಸುಗುಡುತ್ತಿದ್ದವು. ಥಾನು ಹೋದರೂ ಹೆಸರು ಹೋಗಲಿಲ್ಲ. ಆ ಹೆಂಗಸರೇ ಬೆಳಿಗ್ಗೆ ಮನೆ ಬಿಡುವಾಗ "ಗೋದಾಮಿಗೆ ಹೋಗಿ ಬರ್ತೀನಿ" ಎನ್ನುತ್ತಿದ್ದರು. ಗಿರಾಕಿಗಳು ತಪ್ಪಿ ಇಳಿದುಬಿಟ್ಟಾರೆಂದು ಲಿಫ್ಟು ಅಲ್ಲಿ ನಿಲ್ಲದ ಹಾಗೆ ಮಾಡಿದ್ದರು.

ಹೊಲಿಗೆಯ ಉಸ್ತುವಾರಿ ಅತ್ತಿಗೆಯದು. ಯಜಮಾನರ ತೀರಿಹೋದ ಅಣ್ಣನ ಹೆಂಡತಿ ಆಕೆ. ಯಜಮಾನರು ಅತ್ತಿಗೆ ಎನ್ನುವುದನ್ನು ಕೇಳಿ ಕೇಳಿ ಇಡೀ ಕಟ್ಟಡಕ್ಕೇ ಅತ್ತಿಗೆಯಾಗಿದ್ದಳು. ಆಕೆ ಮದುವೆಯಾಗಿ ಬಂದಾಗ ಯಜಮಾನರು ಐದನೇ ಕ್ಲಾಸಿನಲ್ಲಿದ್ದರು. ಅವರ ಚಡ್ಡಿಯ ಹಿಂಭಾಗಕ್ಕೆ ಆಕೆ ಎಷ್ಟು ಸಲ ತೇಪೆ ಹಾಕಿದ್ದಳೆಂಬುದು ಇಬ್ಬರಿಗೂ ನೆನಪಿತ್ತು, ಇಬ್ಬರೂ ಆಡುತ್ತಿರಲಿಲ್ಲ.

ಏಸಿ ಕಂಪನಿಯ ಇಂಜಿನಿಯರು ಒಳ್ಳೆಯವನು. ಕಾವಲುಗಾರ ಅವನಿಗೆ 'ಟನ್ ಸಾರ್' ಎಂದು ಹೆಸರಿಟ್ಟಿದ್ದ. ಅವನ ಬಾಯಲ್ಲಿ ಅಂಗಡಿ ಹನ್ನೆರಡು ಟನ್ನು, ಡಾಕ್ಟರು ಮೂರು ಟನ್ನು, ಯಜಮಾನರು ಒಂದೂವರೆ ಟನ್ನು. ಟನ್ ಅಂದರೆ ತೂಕವಲ್ಲ, ತಂಪಿನ ಅಳತೆ ಎಂದು ಅವನು ದಿನಕ್ಕೆ ನಾಲ್ಕು ಸಲ ಬೇಸರವಿಲ್ಲದೆ ಹೇಳುತ್ತಿದ್ದ. ಅವನ ಕೈಯಲ್ಲೊಂದು ಫಾರಂ ಇತ್ತು. ಪ್ರತಿ ಮಹಡಿಗೆ ಎಷ್ಟು ಕಿಟಕಿ, ಎಷ್ಟು ದೀಪ, ಎಷ್ಟು ಜನ ಎಂದು ತುಂಬಿಸಿದರೆ ಎಷ್ಟು ದೊಡ್ಡ ಯಂತ್ರ ಬೇಕು ಎಂಬುದು ಲೆಕ್ಕದಿಂದ ತಾನಾಗಿ ಹೊರಬೀಳುತ್ತಿತ್ತು. ಮಹಡಿ ಮಹಡಿ ಹತ್ತಿಳಿದು ತಾನೇ ಎಣಿಸಿದ. ಎರಡನೆಯದರಲ್ಲಿ ಮಾತ್ರ ಲಿಫ್ಟು ನಿಲ್ಲಲಿಲ್ಲ. ಮೇಲೆ ಹೋಗಿ ಆಫೀಸಿನಿಂದ ಒಳಫೋನು ಮಾಡಿದ. ಎತ್ತಿದವಳು ಕಾಲರಕ್ಕ. ಹದಿನೈದು ವರ್ಷದಿಂದ ಕಾಲರು ಬಿಟ್ಟು ಬೇರೇನೂ ಹೊಲಿಯದವಳು.

"ಹಲೋ, ಗೋದಾಮು," ಎಂದಳು, ತುಟಿಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ.

"ಗೋದಾಮಾ? ಅಲ್ಲಿ ಯಾರಾದ್ರೂ ಇರ್ತಾರಾ?"

"ಯಾರು ಬೇಕಿತ್ತು?"

"ಯಾರೂ ಬೇಡ."

"ಹಾಗಾದ್ರೆ ಇಡಿ."

ಇಟ್ಟ. ಫಾರಮಿನಲ್ಲಿ 'ಎರಡನೇ ಮಹಡಿ: ಗೋದಾಮು. ಜನ: ೦' ಎಂದು ದುಂಡಗೆ ಬರೆದ. ಯಜಮಾನರು ಓದಿ ಪಕ್ಕದಲ್ಲಿ ಸರಿ ಗುರುತು ಹಾಕಿದರು. ಸುಳ್ಳು ಹೇಳುತ್ತಿದ್ದೇನೆಂದು ಅವರಿಗೆ ಅನ್ನಿಸಲಿಲ್ಲ. ಗೋದಾಮು ಎಂದ ಮೇಲೆ ಗೋದಾಮು.

ಎರಡು ವಾರ ಕಳೆದು, ಬಿಸಿಲು ರಸ್ತೆಯ ಡಾಂಬರು ಕರಗಿಸುತ್ತಿದ್ದ ಒಂದು ಮಧ್ಯಾಹ್ನ, ಏಸಿ ಕಂಪನಿಯ ಇಬ್ಬರು ಕೆಲಸದವರು ಟೇಪು ಹಿಡಿದು ಎರಡನೇ ಮಹಡಿಯ ಕಿಟಕಿಗಳನ್ನು ಅಳೆಯತೊಡಗಿದರು.

"ಪರದೆ ಹಾಕ್ತೀರೇನ್ರಪ್ಪ?" ಎಂದಳು ಅತ್ತಿಗೆ, ಕತ್ತರಿ ನಿಲ್ಲಿಸದೆ.

"ಪರದೆ ಅಲ್ಲಮ್ಮ, ತಗಡು. ಹೊರಗಿನ ಮಿಷಿನ್ನೆಲ್ಲ ಈ ಗೋಡೆಗೇ ಕೂರಿಸೋದು. ಅವು ಬಿಸಿಗಾಳಿ ಉಗುಳ್ತವಲ್ಲ, ಒಳಗೆ ಬರಬಾರದು ಅಂತ ಆರೂ ಕಿಟಕಿ ಮುಚ್ಚೋದು."

ಕತ್ತರಿ ನಿಂತಿತು. ಹೋದ ಬೇಸಿಗೆಯಲ್ಲಿ ಆರೂ ಕಿಟಕಿ ತೆರೆದಿದ್ದಾಗಲೇ ಇಸ್ತ್ರಿ ಮಾಡುವವಳೊಬ್ಬಳು ಎರಡು ಸಲ ತಲೆ ತಿರುಗಿ ನೆಲಕ್ಕೆ ಕೂತಿದ್ದಳು. ಅತ್ತಿಗೆ ಕೆಲಸದವನ ಕೈಯಿಂದ ನಕ್ಷೆ ತೆಗೆದುಕೊಂಡು ಕನ್ನಡಕ ಏರಿಸಿದಳು. ತಂಪುಗಾಳಿಯ ನೀಲಿ ಗೆರೆಗಳು ಎಲ್ಲ ಮಹಡಿಗೂ ಹರಿದಿದ್ದವು. ಎರಡನೆಯದನ್ನು ಮಾತ್ರ, ಚರಂಡಿ ದಾಟುವವರ ಹಾಗೆ, ನೆಗೆದು ಮೇಲೆ ಹೋಗಿದ್ದವು. ಅಲ್ಲಿ ಬರೆದಿದ್ದನ್ನು ಆಕೆ ಗಟ್ಟಿಯಾಗಿ ಓದಿದಳು. ಒಂದೊಂದಾಗಿ ಯಂತ್ರಗಳ ಸದ್ದು ನಿಂತಿತು.

"ಸೊನ್ನೆ ಅಂದ್ರೆ ನಾವಾ?" ಎಂದು ಯಾರೋ ಕೇಳಿದರು.

"ಫೋನಲ್ಲಿ ಗೋದಾಮು ಅಂದೋಳು ನಾನೇ," ಎಂದಳು ಕಾಲರಕ್ಕ, ಗುಂಡುಸೂಜಿ ತೆಗೆದು. "ಈ ಬಾಯಿಗಿಷ್ಟು ದಾರ ಹಾಕಿ ಹೊಲೀಬೇಕು."

"ಆಮೇಲೆ ಹೊಲಿ. ಈಗ ಕಾಲರು ಹೊಲಿ," ಎಂದು ಅತ್ತಿಗೆ ನಕ್ಷೆ ಮಡಿಚಿ ಮೆಟ್ಟಿಲು ಹತ್ತಿದಳು.

ಯಜಮಾನರು ಬಿಳಿ ಜಾಲರಿಯನ್ನೂ ಕೆನೆ ಜಾಲರಿಯನ್ನೂ ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. ಅವರ ತಲೆಯ ಮೇಲೆ ಮಾದರಿಗೆಂದು ಹಾಕಿದ್ದ ಏಸಿ ಮೆಲ್ಲಗೆ ಉಸಿರಾಡುತ್ತಿತ್ತು. ಗೋಡೆಯ ಪುಟ್ಟ ಫಲಕದಲ್ಲಿ ಇಪ್ಪತ್ತಮೂರು ಎಂಬ ಹಸಿರು ಅಂಕಿ.

"ಕೂತ್ಕೊಳ್ಳಿ ಅತ್ತಿಗೆ. ಯಾವುದು ಚೆನ್ನಾಗಿದೆ ಹೇಳಿ."

"ಇದು ಯಾವುದಪ್ಪಾ?" ಆಕೆ ನಕ್ಷೆ ಬಿಚ್ಚಿ ಸೊನ್ನೆಯ ಮೇಲೆ ಬೆರಳಿಟ್ಟಳು.

ಯಜಮಾನರು ಸೊನ್ನೆಯನ್ನು ನೋಡಿದರು, ಆಕೆಯನ್ನು ನೋಡಿದರು, ಮತ್ತೆ ಜಾಲರಿಯನ್ನು ನೋಡಿದರು. "ಗೋದಾಮು ಅಲ್ವಾ ಅದು."

"ನಾನು ಅಲ್ಲಿ ಏನು ಮೂಟೆನಾ?"

"ಹಾಗಲ್ಲ. ನಾಲ್ಕು ದೊಡ್ಡ ಫ್ಯಾನು ಹಾಕಿಸ್ತೀನಿ. ಮನಸ್ಸಲ್ಲಿತ್ತು."

"ಕಿಟಕಿ ಮುಚ್ಚಿದ ಮೇಲೆ ಫ್ಯಾನು ಏನನ್ನ ತಿರುಗಿಸುತ್ತೆ? ನಮ್ಮ ತಲೇನಾ?"

"ಅತ್ತಿಗೆ, ಈಗ ಮತ್ತೆ ಲೆಕ್ಕ ಹಾಕಬೇಕು ಅಂದ್ರೆ ಮೊದಲಿಂದ ಎಲ್ಲ ಬದಲಾಗುತ್ತೆ. ಶುಕ್ರವಾರ ಸಹಿ ಇದೆ. ನಾನು ಒಂದು ಸಲ ಹೇಳಿದ ಮೇಲೆ ಆಯ್ತು." ಅವರು ಆಯುಧ ಸಿಕ್ಕವರಂತೆ ಸೇರಿಸಿದರು: "ಅಷ್ಟಕ್ಕೂ ಎಲ್ರೂ ಗೋದಾಮು ಅಂತಾನೇ ಕರೆಯೋದು. ನೀವೂ ಹಾಗೇ ಅಂತೀರಿ. ಬರೆದೋನದೇನು ತಪ್ಪು?"

ಇದು ನಾಟಿತು, ನಿಜವಾದ್ದರಿಂದ. ಅತ್ತಿಗೆ ನಕ್ಷೆ ಮಡಿಚಿಕೊಂಡು ಇಳಿದುಹೋದಳು. ಯಜಮಾನರು ಗೆದ್ದೆನೆಂದುಕೊಂಡು, ಆ ಉತ್ಸಾಹದಲ್ಲಿ ಕೆನೆಬಣ್ಣವನ್ನು ಆರಿಸಿಬಿಟ್ಟರು.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ನಾಲ್ಕನೇ ಮಹಡಿಯಲ್ಲಿ ಟನ್ ಸಾರ್ ಕಾಗದಗಳನ್ನು ಹರಡಿದ್ದ. ಯಜಮಾನರು ಪೆನ್ನಿನ ಮುಚ್ಚಳ ತೆಗೆದಿದ್ದರು. ಆಗ ಮೆಟ್ಟಿಲಲ್ಲಿ ಸದ್ದಾಯಿತು. ಒಬ್ಬರು ಹತ್ತಿದರೆ ಆಗುವ ಸದ್ದಲ್ಲ.

ಮೊದಲು ಅತ್ತಿಗೆ ಬಂದಳು. ಹಿಂದೆ ಕಾಲರಕ್ಕ, ಮಡಿಲ ತುಂಬ ಕಾಲರು. ಅವಳ ಹಿಂದೆ ಗುಂಡಿ ಹಾಕುವವರು, ಕಾಜಾ ಹೊಲಿಯುವವರು, ಅಂಚು ಮಡಿಚುವವರು. ಕೊನೆಯಲ್ಲಿ ಇಸ್ತ್ರಿಯವರು, ಮಗುವಿನ ಹಾಗೆ ಒಂದೊಂದು ಸ್ಟೀಮ್ ಇಸ್ತ್ರಿಯನ್ನು ಎತ್ತಿಕೊಂಡು. ಯಾರೂ ಕೂಗಲಿಲ್ಲ. ಸೋಫಾ, ಕುರ್ಚಿ, ಕಿಟಕಿಯ ಕಟ್ಟೆ, ನೆಲ ಎಲ್ಲ ಕಡೆ ಕೂತು ಸೂಜಿಗೆ ದಾರ ಪೋಣಿಸಿದರು. ಗೋಡೆಗಳಲ್ಲಿ ಎಷ್ಟು ಸಾಕೆಟ್ಟುಗಳಿವೆ ಎಂಬುದು ಯಜಮಾನರಿಗೂ ಅವತ್ತೇ ಗೊತ್ತಾದದ್ದು. ಮೂರು ಇಸ್ತ್ರಿಗಳಿಗೆ ಸಾಕಾದವು.

"ಏನಿದು ಅತ್ತಿಗೆ?"

"ಎರಡನೇ ಮಹಡೀಲಿ ಜನ ಸೊನ್ನೆ ಅಂತ ಸಹಿ ಹಾಕ್ತಿದ್ದೀಯಲ್ಲ. ನಿನ್ನ ಕಾಗದ ಸುಳ್ಳಾಗಬಾರದು ಅಂತ ಖಾಲಿ ಮಾಡಿಕೊಂಡು ಬಂದಿದ್ದೀವಿ."

"ಹೆದರಿಸ್ತಿದ್ದೀರಾ?"

"ಕೆಲಸ ಮಾಡ್ತಿದ್ದೀವಿ. ಸೋಮವಾರ ನಾನೂರು ಅಂಗಿ ಕೊಡಬೇಕು. ನೀನೇ ಒಪ್ಪಿಕೊಂಡಿದ್ದು." ಆಕೆ ಮೇಜಿನ ಮೇಲಿನ ಜಾಲರಿ ಸರಿಸಿ ಬಟ್ಟೆ ಹಾಸಿ ಗುರುತು ಹಾಕತೊಡಗಿದಳು.

ಯಜಮಾನರು ಕಾಯ್ದು ನೋಡೋಣವೆಂದುಕೊಂಡರು. ಹೆಂಗಸರು ಎಷ್ಟು ಹೊತ್ತು ಕೂರುತ್ತಾರೆ ಎಂಬ ಅಂದಾಜು ಅವರದು. ಹದಿನೈದು ವರ್ಷ ದಿನಕ್ಕೆ ಒಂಬತ್ತು ಗಂಟೆ ಕೂತವರ ವಿಷಯದಲ್ಲಿ ಅದು ಒಳ್ಳೆಯ ಅಂದಾಜಾಗಿರಲಿಲ್ಲ. ಇಸ್ತ್ರಿಗಳು ಕಾದು ಬುಸ್ಸೆಂದವು. ಹತ್ತೂವರೆಗೆ ಗೋಡೆಯ ಅಂಕಿ ಇಪ್ಪತ್ತಾರಾಯಿತು. ಹನ್ನೊಂದಕ್ಕೆ ಇಪ್ಪತ್ತೊಂಬತ್ತು. ಯಜಮಾನರ ಕತ್ತಿನಿಂದ ಒಂದು ಹನಿ ಹೊರಟು ಕಾಲರಿನೊಳಗೆ ಇಳಿಯಿತು.

"ಬಿಚ್ಚಿಬಿಡಿ ಮೇಲಿನ ಗುಂಡಿ," ಎಂದಳು ಕಾಲರಕ್ಕ. "ಆ ಕಾಲರು ನನ್ನದೇ. ಬೆವರು ತಡೆಯುತ್ತೆ, ಕುತ್ತಿಗೆ ತಡೆಯಲ್ಲ."

ಟನ್ ಸಾರ್ ಮಾತ್ರ ಬೇರೆ ಲೋಕದಲ್ಲಿದ್ದ. ಅವನು ಬೆರಳಲ್ಲಿ ತಲೆ ಎಣಿಸಿ, ಇಸ್ತ್ರಿಯ ಹೊಟ್ಟೆಯಡಿಯ ಚೀಟಿ ಓದಿ, ಗೀಚುತ್ತಿದ್ದ. ಅವನ ಮುಖದಲ್ಲಿ ಹಸಿದವನಿಗೆ ಎಲೆ ಹಾಕಿದ ಕಳೆ.

"ಸಾರ್, ಇದು ಭಾರೀ ಲೋಡು. ಸುಮ್ನೆ ಕೂತ ಒಬ್ಬ ಮನುಷ್ಯ ಅಂದ್ರೆ ನೂರು ವಾಟಿನ ಬಲ್ಬು ಹಚ್ಚಿಟ್ಟ ಹಾಗೆ. ಕೆಲಸ ಮಾಡ್ತಿದ್ರೆ ನೂರೈವತ್ತು."

"ನಮ್ಮನೆಯವರಿಗೆ ಹೇಳಿ ಸ್ವಲ್ಪ," ಎಂದಳು ಒಬ್ಬ ಇಸ್ತ್ರಿಯವಳು. "ದೀಪ ಆರಿಸದೆ ಮಲಗ್ತೀಯ ಅಂತ ಬೈತಾರೆ. ಆರಿಸೋದೆಲ್ಲಿ, ನಾನೇ ಉರೀತಿದ್ದೀನಲ್ಲ."

ನಗು ಎದ್ದಿತು. ಸೂಜಿಗಳು ನಿಲ್ಲಲಿಲ್ಲ.

"ರೀ, ನೀವು ಯಾರ ಕಡೆಯವರು?" ಎಂದರು ಯಜಮಾನರು.

"ಶಾಖದ ಕಡೆ, ಸಾರ್. ಅದು ಎಲ್ಲಿದ್ರೂ ಎಣಿಸಬೇಕು." ಅವನು ಫಾರಮನ್ನು ಅವರ ಮುಂದೆ ತಿರುಗಿಸಿದ. "ಇಲ್ಲಿ ಬರೆದ ಜನಸಂಖ್ಯೆ ನಿಜ ಅಂತ ನಿಮ್ಮ ಸಹಿ ಬೇಕು. ಸುಳ್ಳಾದ್ರೆ ಕಂಪನಿ ಜವಾಬ್ದಾರಿ ಇಲ್ಲ. ಇವರು ಈ ಕಟ್ಟಡದಲ್ಲಿ ಎಲ್ಲಾದ್ರೂ ಇರ್ಲೇಬೇಕಲ್ಲ. ಸೊನ್ನೆ ಅಂತಾನೇ ಇರ್ಲಾ?"

ಯಜಮಾನರು ಪೆನ್ನನ್ನು ಸೊನ್ನೆಯ ಹತ್ತಿರ ಒಯ್ದರು. ಎದುರಿಗೆ ನಲವತ್ತನಾಲ್ಕು ಕಣ್ಣು, ಅತ್ತಿಗೆಯ ಕನ್ನಡಕ ಬೇರೆ.

"ಹತ್ತು ಅಂತ ಬರೀರಿ," ಎಂದರು ಕೊನೆಗೆ. ವ್ಯಾಪಾರಸ್ಥರು, ಯಾವುದೇ ಸೋಲನ್ನೂ ಅರ್ಧಕ್ಕೆ ಇಳಿಸಿಕೊಳ್ಳುವ ಅಭ್ಯಾಸ.

ಅತ್ತಿಗೆ ಸೀಮೆಸುಣ್ಣ ಕೆಳಗಿಟ್ಟಳು. "ಆಯ್ತು. ಯಾವ ಹನ್ನೆರಡು ಜನ ಎದ್ದು ಹೋಗಬೇಕು, ನೀನೇ ತೋರಿಸು."

ಯಜಮಾನರು ತಲೆಯೆತ್ತಿದರು. ಯಾರೂ ಮುಖ ತಿರುಗಿಸಲಿಲ್ಲ, ತಲೆ ತಗ್ಗಿಸಲಿಲ್ಲ. ಇಸ್ತ್ರಿಯವಳು ತನ್ನ ಬೆವರನ್ನು ಒರೆಸಿಕೊಳ್ಳಲೂ ಇಲ್ಲ. ಕಾಣಲಿ ಎಂಬಂತೆ ಬಿಟ್ಟುಕೊಂಡು ಕೂತಿದ್ದಳು. ಅವರ ಕೈ ಒಂದಿಷ್ಟು ಮೇಲಕ್ಕೆದ್ದು, ಯಾರನ್ನೂ ತೋರಿಸಲಾಗದೆ, ತಮ್ಮ ಮೇಲಿನ ಗುಂಡಿಗೇ ಹೋಗಿ ಅದನ್ನು ಬಿಚ್ಚಿತು.

"ಇಪ್ಪತ್ತೆರಡು," ಎಂದರು.

"ಇಪ್ಪತ್ತಮೂರು," ಎಂದಳು ಅತ್ತಿಗೆ. "ನಾನೂ ಬೆವರ್ತೀನಿ."

"ಇಪ್ಪತ್ತಮೂರು," ಎಂದ ಟನ್ ಸಾರ್ ಬರೆಯುತ್ತ. "ಉಪಯೋಗ ಏನು ಅಂತ ಹಾಕ್ಲಿ? ಗೋದಾಮು ಅಂತ ಇದೆ."

"ಹೊಡೆದು ಹಾಕಿ. ಹೊಲಿಗೆ ಮಹಡಿ ಅಂತ ಬರೀರಿ," ಎಂದಳು ಅತ್ತಿಗೆ. "ತಗಡಿನ ಮಾತೂ ಹೊಡೆದು ಹಾಕಿ. ಮಿಷಿನ್ನು ಬಿಸಿ ಉಗುಳೋದಾದ್ರೆ ತಾರಸಿ ಮೇಲೆ ಹೋಗಿ ಆಕಾಶಕ್ಕೆ ಉಗುಳಲಿ."

"ತಾರಸಿಗೆ ಹಾಕಿದ್ರೆ ಪೈಪು ಉದ್ದ ಆಗುತ್ತೆ," ಎಂದರು ಯಜಮಾನರು, ಕೊನೆಯ ಕೋಟೆಯಿಂದ.

"ಆಗಲಿ. ನಾವೂ ಎರಡು ಮಹಡಿ ಮೆಟ್ಟಿಲು ಹತ್ತಿಯೇ ಬಂದದ್ದು."

ಲೆಕ್ಕ ಮುಗಿಯುವವರೆಗೆ ಯಾರೂ ಏಳಲಿಲ್ಲ. ಕಾಗದ ತಿದ್ದಿ, ಪಕ್ಕದಲ್ಲಿ ಯಜಮಾನರ ಸಹಿ ಬಿದ್ದ ಮೇಲೆ ಅತ್ತಿಗೆ ಅದನ್ನು ಎರಡು ಸಲ ಓದಿದಳು. ಆಮೇಲೆ ಎಲ್ಲರೂ ದಾರದ ತುಂಡುಗಳನ್ನು ಹೆಕ್ಕಿ, ಇಸ್ತ್ರಿ ಎತ್ತಿಕೊಂಡು ಇಳಿದರು. ಅಷ್ಟರಲ್ಲಿ ನಲವತ್ತು ಅಂಗಿಗಳಿಗೆ ಗುಂಡಿ ಬಿದ್ದಿತ್ತು.

ಯಂತ್ರಗಳು ತಾರಸಿಯ ಮೇಲೆ ಕೂತವು. ಎರಡನೇ ಮಹಡಿಗೆ ಏಳು ಟನ್ ಬಂತು.