ರಿಟರ್ನ್ ಎಂಬ ನಾಯಿ

"ರೈಟ್," ಎಂದು ಮುದಿ ಡ್ರೈವರು ಬಟ್ಟಲನ್ನು ನಾಯಿಯ ಮೂತಿಯ ಹತ್ತಿರಕ್ಕೆ ಸರಿಸಿದ. ನಾಯಿ ಅಲ್ಲಾಡಲಿಲ್ಲ. ಜೊಲ್ಲು ಇಳಿದು ನೆಲ ಒದ್ದೆಯಾಗಿತ್ತು. ಆದರೂ ಅದು ಅನ್ನದ ಕಡೆ ತಿರುಗದೆ, ಸುತ್ತ ನಿಂತವರ ಬಾಯನ್ನು ಒಂದೊಂದಾಗಿ ನೋಡುತ್ತಿತ್ತು.

"ಮೂವತ್ತು ವರ್ಷ ಬಸ್ಸಲ್ಲಿ ಅವಳ ಬಾಯಲ್ಲಿ ಕೇಳಿದ್ದು ಇದೇ ಮಾತು ಕಣಪ್ಪ. ಇದಲ್ದೆ ಇನ್ನೇನಿರುತ್ತೆ?" ಡ್ರೈವರು ಕೈಚೆಲ್ಲಿದ.

ಪಕ್ಕದ ಕೋಣೆಯಲ್ಲಿ ಕಂಡಕ್ಟರಮ್ಮ ಪೆಟ್ಟಿಗೆಯೊಳಗೆ ಮಲಗಿದ್ದಳು. ಆಕೆ ಸತ್ತು ಎರಡು ದಿನ, ನಾಯಿ ಉಪವಾಸ ಕೂತೂ ಎರಡು ದಿನ. ಆಕೆ ಹೇಳುತ್ತಿದ್ದ ಯಾವುದೋ ಒಂದು ಮಾತು ಕೇಳದೆ ಅದು ತಿನ್ನುವುದಿಲ್ಲವೆಂದು ಬಂದವರೆಲ್ಲ ತೋಚಿದ ಮಾತು ಹೇಳಿ ನೋಡಿದ್ದರು: ತಿನ್ನು, ಊಟ, ಬಾ ಮರಿ. ಎದುರುಮನೆಯಾಕೆ ಬೈದೂ ನೋಡಿದ್ದಳು.

"ನಿಮಗೂ ಹೇಳಿಲ್ವಾ ಸಾರ್, ಆ ಮಾತು ಯಾವುದು ಅಂತ?" ಅನಾಥ ನಾಯಿಗಳ ಆಶ್ರಯದಿಂದ ಬಂದಿದ್ದ ಹುಡುಗಿ ಕಂಡಕ್ಟರಮ್ಮನ ತಮ್ಮನನ್ನು ಕೇಳಿದಳು.

"ನಂಗೆ ನಾಯಿ ಅಂದ್ರೆ ಭಯ. ಅಕ್ಕ ನಂಗ್ಯಾಕೆ ಹೇಳ್ತಾಳೆ?"

"ನಾಯಿ ಕೊಡುವಾಗ ನಾವು ತುಂಬಿಸ್ಕೊಂಡ ಫಾರಂನಲ್ಲಿ ನಿಮ್ಮ ಸಹಿ ಇದೆಯಲ್ಲ."

ಇತ್ತು. 'ನನ್ನ ನಂತರ ನಾಯಿಯ ಹೊಣೆ' ಎಂಬ ಸಾಲಿನ ಮುಂದೆಯೇ ಇತ್ತು. ಕನ್ನಡಕದಂಗಡಿಯಲ್ಲಿ ದಿನವಿಡೀ ಊರವರಿಗೆಲ್ಲ ಸಣ್ಣಕ್ಷರ ಓದಿಸುವವನು ಅಕ್ಕ ಕೊಟ್ಟ ಕಾಗದವನ್ನು ಓದದೆ ಸಹಿ ಹಾಕಿದ್ದ.

"ಆಗಲ್ಲ ಅಂದ್ರೆ ಇವತ್ತೇ ಕರ್ಕೊಂಡು ಹೋಗ್ತೀನಿ. ಆದ್ರೆ ಹನ್ನೊಂದು ವರ್ಷದ ನಾಯಿ, ಇನ್ಯಾರೂ ತಗೊಳ್ಳಲ್ಲ. ಊಟಾನೂ ಮಾಡ್ದಿದ್ರೆ..." ಹುಡುಗಿ ಮಾತು ಮುಗಿಸಲಿಲ್ಲ.

"ಸ್ಮಶಾನದ ಗೇಟಿನ ಹತ್ರ ಕೊಡ್ತೀನಿ. ಅಲ್ಲೀತನಕ ಅಕ್ಕನ ಜೊತೆ ಇರ್ಲಿ."

ಹೇಳುವಾಗ ಅವನಿಗೆ ನಾಚಿಕೆಯಾಯಿತು. ಬೇರೆ ಏನು ಮಾಡಬೇಕೆಂದೂ ಹೊಳೆಯಲಿಲ್ಲ.

*

ನಿವೃತ್ತಿಯಾದ ವರ್ಷ ಅಕ್ಕ ನಾಯಿಯನ್ನು ಮನೆಗೆ ತಂದಾಗ ಅವನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದ.

"ಇಬ್ರು ಕರ್ಕೊಂಡು ಹೋಗಿ ವಾಪಸ್ ಬಿಟ್ಟಿದಾರಂತೆ. ಅದಕ್ಕೇ ರಿಟರ್ನ್ ಅಂತ ಹೆಸರಿಟ್ಟೆ," ಎಂದು ಅಕ್ಕ ನಕ್ಕಿದ್ದಳು.

"ಈ ವಯಸ್ಸಲ್ಲಿ ಇಲ್ಲದ ಉಸಾಬರಿ ಯಾಕಕ್ಕ?"

"ಟಿಕೆಟ್ ಹರಿದ ಮೇಲೆ ಕೊನೇತನಕ ಕರ್ಕೊಂಡು ಹೋಗ್ಲೇಬೇಕು ಕಣೋ. ನಡುದಾರೀಲಿ ಇಳಿಸೋಕಾಗುತ್ತಾ?"

ಆಗ ಆ ಬೀದಿಯಲ್ಲಿ ಯಾರೋ ನಾಯಿಗಳಿಗೆ ವಿಷ ಹಾಕುತ್ತಿದ್ದರು. ರಿಟರ್ನ್ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತಿತ್ತು. ಅಕ್ಕ ಹಟ ಹಿಡಿದು, ತಾನು ಒಂದು ಮಾತು ಹೇಳುವವರೆಗೆ ತುತ್ತು ಮುಟ್ಟದಂತೆ ಅದಕ್ಕೆ ಕಲಿಸಿದಳು. ಬಾಗಿಲು ಹಾಕಿಕೊಂಡೇ ಆ ಮಾತು ಹೇಳುತ್ತಿದ್ದಳು. ಗುಟ್ಟು ರಟ್ಟಾದರೆ ನಾಯಿ ಉಳಿಯುವುದಿಲ್ಲ ಎಂಬ ಹೆದರಿಕೆ. ಫಾರಂನಲ್ಲಿ ಹೊಣೆಗೆ ತಮ್ಮನ ಹೆಸರು ಬರೆದವಳು ಆ ಮಾತನ್ನು ಮಾತ್ರ ಎಲ್ಲೂ ಬರೆದಿಡಲಿಲ್ಲ. ಪಾಪ, ಅಷ್ಟು ಬೇಗ ಹೋಗುತ್ತೇನೆಂದು ಅವಳಿಗೇನು ಗೊತ್ತು.

*

ಡ್ರೈವರೇ ವ್ಯಾನು ಓಡಿಸಿದ. ಹಿಂದೆ ಪೆಟ್ಟಿಗೆ, ಪೆಟ್ಟಿಗೆಯ ಪಕ್ಕದಲ್ಲಿ ನಾಯಿಯ ಹಗ್ಗ ಹಿಡಿದ ತಮ್ಮ, ಅವನ ಕಾಲ ಬಳಿ ನಾಯಿ ಮತ್ತು ಬಟ್ಟಲು. ಹುಡುಗಿ ಸ್ಕೂಟರಿನಲ್ಲಿ ಹಿಂದೆ ಬರುತ್ತಿದ್ದಳು.

"ಈ ನಾಯಿಗೆ ಅವಳದೇ ಬುದ್ಧಿ," ಎಂದ ಡ್ರೈವರು. "ಎಷ್ಟೇ ಹಸಿವಾಗ್ಲಿ, ಬಸ್ಸು ಖಾಲಿಯಾಗೋವರೆಗೂ ಅವಳು ಊಟದ ಡಬ್ಬಿ ಮುಟ್ತಿರ್ಲಿಲ್ಲ. ನಾನು ಅರ್ಧ ದಾರೀಲೇ ಮುಗಿಸ್ತಿದ್ದೆ, ಬೈತಿದ್ಲು."

ತಮ್ಮ ಏನೋ ಕೇಳಬೇಕೆಂದುಕೊಂಡ. ಅಷ್ಟರಲ್ಲಿ ಸ್ಮಶಾನ ಬಂತು. ವ್ಯಾನು ನಿಂತಿತು, ಆದರೆ ಡ್ರೈವರು ಸೀಟು ಬಿಟ್ಟು ಏಳಲಿಲ್ಲ.

"ಇಳಿಯಲ್ವಾ ಅಣ್ಣ?"

"ಅಭ್ಯಾಸ ಕಣಪ್ಪ. ಅವಳು ಕೂಗ್ದೆ ನಾನು ಯಾವತ್ತೂ ಸೀಟು ಬಿಟ್ಟೆದ್ದಿಲ್ಲ." ಅವನು ಸ್ಟೀರಿಂಗ್ ಹಿಡಿದೇ ಇದ್ದ. "ಇವತ್ತು ನೀನೇ ಕೂಗಿಬಿಡು."

ಏನು ಕೂಗಬೇಕೆಂದು ತಮ್ಮನಿಗೆ ಗೊತ್ತಿತ್ತು. ಅಕ್ಕನ ಬಸ್ಸಿನಲ್ಲಿ ಎಷ್ಟೋ ಸಲ ಕೇಳಿದ್ದ. ನಾಯಿ ಅವನ ಬಾಯನ್ನೇ ನೋಡುತ್ತಿತ್ತು.

"ಕೊನೇ ಸ್ಟಾಪು," ಎಂದ ಮೆಲ್ಲಗೆ. "ಎಲ್ಲಾ ಇಳೀರಿ."

ನಾಯಿಯ ತಲೆ ಬಟ್ಟಲಿಗೆ ಬಿತ್ತು. ಗಬಗಬನೆ ತಿನ್ನುವ ರಭಸಕ್ಕೆ ಬಟ್ಟಲು ಜಾರಿ ಪೆಟ್ಟಿಗೆಗೆ ತಾಗಿ ಸದ್ದು ಮಾಡತೊಡಗಿತು. ಹೆದರುತ್ತಲೇ ಅವನು ಪಾದ ಮುಂದಿಟ್ಟು ಬಟ್ಟಲನ್ನು ತಡೆದು ಹಿಡಿದ.

ಹಿಂದಿನ ಬಾಗಿಲು ತೆರೆಯಿತು. ಪೆಟ್ಟಿಗೆ ಎತ್ತಲು ಮೂವರು ನಿಂತಿದ್ದರು. ನಾಲ್ಕನೆಯ ಹೆಗಲು ಅವನದು. ಹುಡುಗಿ ಹಗ್ಗಕ್ಕಾಗಿ ಕೈ ಚಾಚಿದಳು. ಹಗ್ಗ ಅವನ ಮುಷ್ಟಿಯಲ್ಲೇ ಇತ್ತು. ಕೊಡಲು ಕೈ ಬರಲಿಲ್ಲ, ಇಟ್ಟುಕೊಳ್ಳಲು ಧೈರ್ಯವೂ ಇರಲಿಲ್ಲ.

ಬಟ್ಟಲು ನೆಕ್ಕಿ ಮುಗಿಸಿದ ರಿಟರ್ನ್, ಬೇರೆ ಯಾರನ್ನೂ ನೋಡದೆ, ಮತ್ತೆ ಅವನ ಬಾಯನ್ನೇ ನೋಡುತ್ತ ಕೂತಿತು.